1872ರ ಹೆಲೆನಾಗೆ ನೇರ ರೈಲಿರಲಿಲ್ಲ

ನಿಮ್ಮ ಕಥೆಯ ಬಾಸ್ಟನ್ನಿನ ನಾಯಕಿ 1872ರಲ್ಲಿ ರೈಲಿನಲ್ಲೇ ಮೊಂಟಾನಾದ ಹೆಲೆನಾಗೆ ಬಂದಿಳಿದು ಪತ್ರದಲ್ಲಷ್ಟೇ ಕಂಡ ವರನನ್ನು ಮದುವೆಯಾಗಬಹುದೇ ಎಂದು ಕೇಳಿದ್ದೀರಿ. ಮದುವೆ ಸರಿ, ರೈಲು ಆಗದು. ಮೊಂಟಾನಾಗೆ ಹಳಿ ಬಂದದ್ದು 1880ರ ದಶಕದ ಆರಂಭದಲ್ಲಿ. 1869ರಲ್ಲಿ ಮುಗಿದ, ಅಮೆರಿಕವನ್ನು ಅಡ್ಡ ಹಾಯುವ ರೈಲು ಮಾರ್ಗದಲ್ಲಿ ಅವಳನ್ನು ಯೂಟಾದ ಕೊರಿನ್‌ನಲ್ಲಿ ಇಳಿಸಿ, ಅಲ್ಲಿಂದ ಸುಮಾರು 500 ಮೈಲಿ ಕುದುರೆ ಕೋಚಿನಲ್ಲಿ ಕಳಿಸಿ. ಹಗಲೂ ರಾತ್ರಿ ಓಡಿದರೂ ನಾಲ್ಕೈದು ದಿನ. ಧೂಳು ತಿಂದು, ಸೊಂಟ ನೊಂದು ಇಳಿಯುವವಳು ಗರಿಗರಿ ಬಿಳಿ ಗೌನಿನಲ್ಲಿ ಇರಲಾರಳು! ಸ್ಟೀಮ್‌ಬೋಟ್ ಬೇಕೆಂದರೆ ಮಿಸೌರಿ ನದಿಯಲ್ಲಿ ಫೋರ್ಟ್ ಬೆಂಟನ್‌ವರೆಗೆ ಮಾತ್ರ, ಅದೂ ನೀರು ಏರಿರುವ ವಸಂತ, ಬೇಸಿಗೆಯಲ್ಲಿ.

ಪತ್ರ ಹೋಗಿ ಉತ್ತರ ಬರಲು ಒಂದು ತಿಂಗಳಾದರೂ ಇಡಿ. ಆರು ಪತ್ರದ ಪ್ರೇಮ ಎರಡು ವಾರದಲ್ಲಿ ಮುಗಿದರೆ ಓದುಗರು ಅಲ್ಲೇ ಪುಸ್ತಕ ಮುಚ್ಚುತ್ತಾರೆ. ಆಗ ಕಾರ್ಡಿಗಂಟಿಸಿದ ಅಗ್ಗದ ಫೋಟೊಗಳು ಧಾರಾಳವಾಗಿದ್ದವು. ಆದ್ದರಿಂದ ಅವಳು ಅವನ ಮುಖವನ್ನೇ ನೋಡಿರಲಿಲ್ಲ ಎಂದರೆ ಕಾರಣ ಕೊಡಬೇಕು. ಹಳೆಯ ಫೋಟೊ ಕಳಿಸಿದ್ದ ಎನ್ನುವುದು ಹೆಚ್ಚು ನಂಬುವಂತಿದೆ.

ಇಂಥ ಕಥೆಗಳು ಕುಂಟುವುದು ನಡುವಿನಲ್ಲಿ. ವರ ಹಿಡಿಸದಿದ್ದರೆ ಅವಳು ವಾಪಸ್ ಹೋಗಬಾರದೇಕೆ? ಟಿಕೆಟ್ಟಿಗೆ ಹಣವಿಲ್ಲ ಎಂಬುದೊಂದೇ ಉತ್ತರವಾದರೆ ಸಾಲದು. ಅವಳನ್ನು ಅಲ್ಲೇ ಹಿಡಿದಿಡಲು, ನೆಲೆಸುವವರಿಗೆ ಸರ್ಕಾರಿ ಜಮೀನು ಕೊಡುತ್ತಿದ್ದ 1862ರ ಹೋಮ್‌ಸ್ಟೆಡ್ ಕಾಯ್ದೆ ಬಳಸಿ: 21 ತುಂಬಿದ ಅವಿವಾಹಿತೆ ತನ್ನ ಹೆಸರಲ್ಲೇ 160 ಎಕರೆಗೆ ಅರ್ಜಿ ಹಾಕಬಹುದಿತ್ತು, ಐದು ವರ್ಷ ಅಲ್ಲೇ ವಾಸವಿದ್ದು ಉಳುಮೆ ಮಾಡಬೇಕಿತ್ತು. ಗಂಡನೊಂದಿಗಿರುವ ಹೆಂಡತಿಗೆ ಸಾಮಾನ್ಯವಾಗಿ ಆ ಹಕ್ಕಿರಲಿಲ್ಲ. ಮದುವೆಗೆ ಮುಂಚೆ ಅವಳು ಭೂಕಚೇರಿಯ ಮೆಟ್ಟಿಲು ಹತ್ತಲಿ, ವರನಿಗೆ ಅದು ಆಮೇಲೆ ತಿಳಿಯಲಿ.