ಹೃದಯಕ್ಕೂ ತೇಪೆ ಹಾಕಬಹುದಾ?

ಪ್ರಶ್ನೆ: ಅಪ್ಪನಿಗೆ ಹೋದ ವರ್ಷ ಹೃದಯಾಘಾತವಾಯಿತು. ಸ್ಟೆಂಟ್ ಹಾಕಿದ್ದಾರೆ. ಆದರೂ ಹೃದಯದ ಪಂಪಿಂಗ್ ಕಡಿಮೆ ಇದೆ ಅಂತಾರೆ. ಲ್ಯಾಬಿನಲ್ಲಿ ಬೆಳೆಸಿದ ಸ್ನಾಯುವನ್ನು ಹೃದಯಕ್ಕೆ ತೇಪೆಯಂತೆ ಹಚ್ಚುತ್ತಾರೆ ಎಂದು ಓದಿದೆ. ಅದನ್ನು ಯಾವುದರಿಂದ ಮಾಡುತ್ತಾರೆ? ಅಪ್ಪನಿಗೆ ಸಿಗಬಹುದಾ? ಕಾಲಿನ ಸ್ನಾಯು ತಾನೇ ಮಾಯುತ್ತದಲ್ಲ, ಹೃದಯಕ್ಕೇನು ಅಡ್ಡಿ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ. ಕೈಕಾಲಿನ ಸ್ನಾಯುವಿನ ಎಳೆಗಳಿಗೆ ಅಂಟಿಕೊಂಡೇ ಸ್ಯಾಟಲೈಟ್ ಕೋಶಗಳಿರುತ್ತವೆ. ಸುಮ್ನೆ ಮಲಗಿರುವ ಇವು ಪೆಟ್ಟು ಬಿದ್ದಾಗ ಎದ್ದು, ಹೆಚ್ಚಿಕೊಂಡು, ಹೊಸ ಎಳೆ ಕಟ್ಟುತ್ತವೆ. (ಅಪಘಾತದಲ್ಲಿ ಸ್ನಾಯುವಿನ ದೊಡ್ಡ ಭಾಗವೇ ಹೋದರೆ ಇವಕ್ಕೂ ಕೈಲಾಗದು.) ಹೃದಯದಲ್ಲಿ ಇಂಥ ಮೀಸಲು ಪಡೆ ಇಲ್ಲ. 25ರ ವಯಸ್ಸಿನಲ್ಲಿ ವರ್ಷಕ್ಕೆ ಶೇ 1ರಷ್ಟು ಸ್ನಾಯುಕೋಶಗಳು ಹೊಸದಾಗುತ್ತವೆ, 75ರ ಹೊತ್ತಿಗೆ ಅದರ ಅರ್ಧವೂ ಇಲ್ಲ. ದೊಡ್ಡ ಹೃದಯಾಘಾತದಲ್ಲೋ ಸುಮಾರು 100 ಕೋಟಿ ಕೋಶಗಳು ಸಾಯಬಹುದು. ಆ ಜಾಗದಲ್ಲಿ ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನ್ ತುಂಬಿದ ಗಟ್ಟಿ ಕಲೆ ಉಳಿಯುತ್ತದೆ. ಗೋಡೆ ಒಡೆಯದಂತೆ ಅದು ಕಾಯುತ್ತದೆ, ಆದರೆ ಮಿಡಿಯುವುದಿಲ್ಲ.

ಹಾಗಾದರೆ ಹೊಸ ಕೋಶಗಳನ್ನು ಚುಚ್ಚಿದರೆ ಸಾಕಲ್ವಾ? ಸಾಲದು. ಬಡಿಯುತ್ತಲೇ ಇರುವ ಹೃದಯದಲ್ಲಿ ಬಹುಪಾಲು ಕೋಶಗಳು ಕೊಚ್ಚಿಹೋಗುತ್ತವೆ ಇಲ್ಲವೇ ಸಾಯುತ್ತವೆ. ಬಳ್ಳಿಗೆ ಬೇಕಾದಂತೆ ಅವಕ್ಕೂ ಒಂದು ಹಂದರ ಬೇಕು. ಇಲ್ಲಿ ಬಯೋಮೆಟೀರಿಯಲ್‌ಗಳ, ಅಂದರೆ ದೇಹದೊಳಗೆ ಬಳಸಬಲ್ಲ ವಸ್ತುಗಳ ಕೆಲಸ: ಕೊಲಾಜೆನ್, ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನ್, ಕಡಲಕಳೆಯಿಂದ ತೆಗೆಯುವ ಆಲ್ಜಿನೇಟ್, ಜೊತೆಗೆ ಕೆಲವು ಕೃತಕ ಪಾಲಿಮರ್‌ಗಳು.

ಹಂದರ ಎಷ್ಟು ಮೆತ್ತಗಿದೆ ಎನ್ನುವುದೂ ಕೋಶಕ್ಕೆ ಗೊತ್ತಾಗುತ್ತದೆ. 2006ರ ಒಂದು ಪ್ರಯೋಗದಲ್ಲಿ ಒಂದೇ ಬಗೆಯ ಆಕರಕೋಶಗಳನ್ನು (ಬೇರೆ ಬಗೆಯ ಕೋಶಗಳಾಗಬಲ್ಲ ಸ್ಟೆಮ್ ಸೆಲ್) ಬೇರೆ ಬೇರೆ ಗಡಸಿನ ಜೆಲ್ ಮೇಲೆ ಬೆಳೆಸಿದರು. ಮಿದುಳಿನಷ್ಟು ಮೆತ್ತಗಿದ್ದಲ್ಲಿ ಅವು ನರಕೋಶದ ಕಡೆಗೆ ಹೊರಳಿದವು, ಸ್ನಾಯುವಿನಷ್ಟು ಬಿಗಿ ಇದ್ದಲ್ಲಿ ಸ್ನಾಯುವಿನ ಕಡೆಗೆ, ಇನ್ನೂ ಗಟ್ಟಿ ಇದ್ದಲ್ಲಿ ಮೂಳೆಯ ಕಡೆಗೆ. ಆರೋಗ್ಯವಂತ ಹೃದಯದ ಸ್ನಾಯು ಸುಮಾರು 10 ಕಿಲೋಪಾಸ್ಕಲ್ (ಗಡಸಿನ ಅಳತೆ) ಗಡಸು. ಕಲೆಯಾದ ಭಾಗ ಅದಕ್ಕಿಂತ ಎಷ್ಟೋ ಪಾಲು ಬಿಗಿ. ಹಾಗಾಗಿ ಅಲ್ಲಿಗೆ ಬಂದ ಹೊಸ ಕೋಶಕ್ಕೆ ನೆಲವೇ ಒಗ್ಗುವುದಿಲ್ಲ. ಎಳೆಗಳು ಒಂದೇ ದಿಕ್ಕಿಗೆ ಸಾಲಾಗಿ ನಿಲ್ಲಬೇಕು, ಇಲ್ಲದಿದ್ದರೆ ಆಚೀಚೆ ಎಳೆದು ಬಲ ಪೋಲು. ಮಿಡಿತದ ವಿದ್ಯುತ್ ಸಂಕೇತವೂ ಸರಾಗ ಹರಿಯಬೇಕು. ಅದಕ್ಕೆಂದು ಜೆಲ್‌ಗೆ ಚಿನ್ನದ ನ್ಯಾನೋತಂತಿ ಬೆರೆಸಿ ನೋಡಿದವರೂ ಇದ್ದಾರೆ. ನನಗಂತೂ ಸಾದಾ ಕೊಲಾಜೆನ್ ಮೇಲೇ ಜಾಸ್ತಿ ನಂಬಿಕೆ. ದೇಹಕ್ಕೆ ಅದು ಹೊಸದಲ್ಲ.

ಇನ್ನೊಂದು ದಾರಿ, ಇದ್ದ ಹೃದಯವನ್ನೇ ಹಂದರ ಮಾಡುವುದು. 2008ರಲ್ಲಿ ಅಮೆರಿಕದ ಡೋರಿಸ್ ಟೇಲರ್ ತಂಡ ಇಲಿಯ ಹೃದಯದೊಳಗೆ ಎಸ್‌ಡಿಎಸ್ ಎಂಬ ಮಾರ್ಜಕವನ್ನು ಹರಿಸಿತು. ಕೆಲವು ಶಾಂಪೂಗಳಲ್ಲಿ ನೊರೆ ತರುವುದೂ ಇದೇ ರಾಸಾಯನಿಕ. ಕೋಶಗಳೆಲ್ಲ ತೊಳೆದುಹೋಗಿ, ಬಿಳಿಚಿದ, ಬೆಳಕು ಹಾಯುವ ಹೃದಯ ಉಳಿಯಿತು. ಕವಾಟ, ರಕ್ತನಾಳದ ಜಾಡು ಎಲ್ಲ ಹಾಗೇ ಇತ್ತು. ಹೊಸ ಕೋಶ ತುಂಬಿದ ಕೆಲವೇ ದಿನಗಳಲ್ಲಿ ಅದು ಮಿಡಿಯಿತು. ಪಂಪಿಂಗ್ ಮಾತ್ರ ವಯಸ್ಕ ಇಲಿಯ ಹೃದಯದ ಶೇ 2ರಷ್ಟು!

ಆ ರಕ್ತನಾಳದ ಜಾಡೇ ಇವತ್ತಿನ ದೊಡ್ಡ ತಲೆನೋವು. ರಕ್ತನಾಳದಿಂದ ಆಮ್ಲಜನಕ ತಲುಪುವುದು 0.1ರಿಂದ 0.2 ಮಿಲಿಮೀಟರ್ ದೂರದವರೆಗೆ. ದೇಹಕ್ಕೆಲ್ಲ ರಕ್ತ ದೂಡುವ ಎಡ ಹೃತ್ಕುಕ್ಷಿಯ ಗೋಡೆಯ ದಪ್ಪವೋ ಸುಮಾರು 1 ಸೆಂಟಿಮೀಟರ್. ನಾಳಗಳಿಲ್ಲದ ದಪ್ಪ ತೇಪೆಯ ನಡುಭಾಗ ಉಸಿರುಗಟ್ಟಿ ಸಾಯುತ್ತದೆ.

ಆದರೂ ಕೆಲಸ ಲ್ಯಾಬಿನಾಚೆಗೆ ಬಂದಿದೆ. ಜರ್ಮನಿಯ ಗೊಟ್ಟಿಂಗನ್‌ನ ತಂಡ ಐಪಿಎಸ್ ಕೋಶಗಳಿಂದ (ಚರ್ಮ, ರಕ್ತದಂಥ ಮಾಮೂಲಿ ಕೋಶಗಳನ್ನು ಲ್ಯಾಬಿನಲ್ಲಿ ಮರಳಿ ಆಕರಕೋಶವಾಗಿಸಿದ್ದು) ಮಾಡಿದ ಹೃದಯಕೋಶಗಳನ್ನು ಕೊಲಾಜೆನ್‌ನಲ್ಲಿ ಬೆರೆಸಿ ತೇಪೆ ಮಾಡಿ, ಮೊದಲು ಮಂಗಗಳಿಗೆ, ಬಳಿಕ ರೋಗಿಗೆ ಹಚ್ಚಿದ ವರದಿ 2025ರಲ್ಲಿ ಪ್ರಕಟವಾಯಿತು. ಮೂರು ತಿಂಗಳ ನಂತರ ಆ ರೋಗಿಗೆ ಹೃದಯ ಕಸಿ ಆಯಿತು. ಹೊರತೆಗೆದ ಹಳೆಯ ಹೃದಯದಲ್ಲಿ ತೇಪೆ ಬದುಕಿತ್ತು, ಅದರೊಳಗೆ ರಕ್ತನಾಳಗಳೂ ಬೆಳೆದಿದ್ದವು.

ಅಪ್ಪನ ವಿಷಯಕ್ಕೆ ಬಂದರೆ, ಇದು ಇನ್ನೂ ಪ್ರಯೋಗದ ಹಂತದಲ್ಲಿದೆ. ದೇಹ ತೇಪೆಯನ್ನು ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ಬೇಕು, ಮಿಡಿತದ ಲಯ ತಪ್ಪುವ ಭಯವೂ ಇದೆ. ಈಗಲೇ ದುಡ್ಡು ತಗೊಂಡು ಹೃದಯಕ್ಕೆ ಸ್ಟೆಮ್ ಸೆಲ್ ಹಾಕುತ್ತೇವೆ ಎನ್ನುವವರ ಬಳಿ ಹೋಗಬೇಡಿ. ನೋಂದಾಯಿತ ಪ್ರಯೋಗದಲ್ಲಿ ಚಿಕಿತ್ಸೆಗೆ ರೋಗಿಯಿಂದ ದುಡ್ಡು ಕೇಳುವುದು ಅಪರೂಪ. ಪಂಪಿಂಗ್ ಸುಧಾರಿಸಬಲ್ಲ ಒಳ್ಳೆಯ ಮಾತ್ರೆಗಳು ಈಗಾಗಲೇ ಇವೆ. ಅಪ್ಪ ಅವನ್ನು ಸರಿಯಾದ ಪ್ರಮಾಣದಲ್ಲಿ ತಗೊಳ್ತಿದ್ದಾರಾ ಎಂದು ಮುಂದಿನ ಸಲ ಹೃದಯತಜ್ಞರನ್ನು ಕೇಳಿ.