ಮನೆ ಕಾಯಲು, ಗುರಿ ಕಲಿಯಲು ಒಂದೇ ರೈಫಲ್ ಸಾಕೇ?

ಪ್ರಶ್ನೆ: ಗಲ್ಫ್‌ನಲ್ಲಿ ದುಡಿದು ಊರಿಗೆ ಮರಳಿ ಬ್ರಹ್ಮಾವರದ ಹತ್ತಿರ ನೆಲೆಸಿದ್ದೇನೆ. ತೋಟದ ನಡುವೆ ಹಳೆಯ ಹಂಚಿನ ಮನೆ. ಪಕ್ಕದ ಮನೆ ಕೂಗಿದರೆ ಕೇಳಿಸುವಷ್ಟು ಹತ್ತಿರವಿಲ್ಲ. ಹೆಂಡತಿ, ವಯಸ್ಸಾದ ತಾಯಿ, ಒಂಬತ್ತು ವರ್ಷದ ಮಗ ಜೊತೆಗಿದ್ದಾರೆ. ಆಸುಪಾಸಿನಲ್ಲಿ ಕಳ್ಳತನವಾದ ಮೇಲೆ ಮನೆಯವರಿಗೆ ನಿದ್ದೆಯಿಲ್ಲ. ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದಾಗ .22 ರೈಫಲ್ ಹಾರಿಸಿದ್ದೆ, ಆ ಆಸೆ ಇನ್ನೂ ಇದೆ. ರಕ್ಷಣೆಗೂ ಆಗಬೇಕು, ಭಾನುವಾರದ ಗುರಿ ಅಭ್ಯಾಸಕ್ಕೂ ಆಗಬೇಕು, ಅಂಥ ಮೊದಲ ರೈಫಲ್ ಯಾವುದು? ಗೆಳೆಯರು .315 ಎನ್ನುತ್ತಾರೆ. ಅಂಗಡಿಯವರೊಬ್ಬರು .22 ಬೋರಿನ ಏರ್ ರೈಫಲ್ ತೆಗೆದುಕೊಳ್ಳಿ, ಲೈಸನ್ಸೇ ಬೇಡ ಎನ್ನುತ್ತಾರೆ.

ಉತ್ತರ: ಮೊದಲು ಅಂಗಡಿಯವರ ಮಾತು, ಏಕೆಂದರೆ ಅದನ್ನು ನಂಬಿದರೆ ನೀವು ನೇರವಾಗಿ ಕೇಸಿಗೆ ಸಿಕ್ಕಿಕೊಳ್ಳುತ್ತೀರಿ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸನ್ಸ್ ಬೇಡವಾದದ್ದು .177 ಬೋರಿನ (ಬೋರು ಎಂದರೆ ನಳಿಗೆಯ ಒಳಗಿನ ಅಗಲ), ಅಂದರೆ 4.5 ಮಿಲಿಮೀಟರಿನ ಏರ್ ರೈಫಲ್‌ಗೆ. ಅದರ ನಳಿಗೆಯಿಂದ ಹೊರಡುವ ಗುಂಡಿನ ಶಕ್ತಿಯೂ 20 ಜೂಲ್ ದಾಟಬಾರದು. ಬೋರು .22 ಆದರೆ ಅದು ಗಾಳಿಯಿಂದ ಹಾರುವ ಕೋವಿಯೇ ಆಗಿದ್ದರೂ ಲೈಸನ್ಸ್ ಬೇಕೇ ಬೇಕು. ಮಾರಿದವರಷ್ಟೇ ಅಲ್ಲ, ಮನೆಯಲ್ಲಿ ಇಟ್ಟುಕೊಂಡವರೂ ಸಿಕ್ಕಿಬೀಳುತ್ತಾರೆ.

ಇನ್ನು ಗೆಳೆಯರ .315. ಇಷಾಪುರದ ಸರಕಾರಿ ಕಾರ್ಖಾನೆಯಲ್ಲಿ ತಯಾರಾಗುವ ಈ ರೈಫಲ್ ಗಟ್ಟಿಯಾದದ್ದು. .303, 7.62 ಮಿಲಿಮೀಟರಿನಂಥ ಸೇನೆಯ ಬೋರುಗಳು ಸಾರ್ವಜನಿಕರಿಗೆ ನಿಷಿದ್ಧವಾದ ನಮ್ಮ ದೇಶದಲ್ಲಿ ಲೈಸನ್ಸ್ ಮೇಲೆ ಸಿಗುವ ದೊಡ್ಡ ರೈಫಲ್ ಎಂದರೆ ಹೆಚ್ಚಿನವರಿಗೆ ಇದೇ ನೆನಪಾಗುತ್ತದೆ. ಆದರೆ ನಿಮ್ಮ ಮನೆಗೆ ಇದು ಸಲ್ಲದು. ರೈಫಲ್ ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಗೀರು ಕೊರೆದಿರುತ್ತಾರೆ. ಆ ಗೀರು ಗುಂಡನ್ನು ಗಿರ್ರನೆ ತಿರುಗಿಸಿ ನೇರವಾಗಿ, ಬಹುದೂರ ಕಳಿಸುತ್ತದೆ. ಬಯಲಿನಲ್ಲಿ ಗುಣವಾದದ್ದೇ ಮನೆಯೊಳಗೆ ದೋಷ. .315ರ ಗುಂಡು ಹಲಸಿನ ಮರದ ಬಾಗಿಲನ್ನು ಹಾಯ್ದು, ಅಂಗಳ ದಾಟಿ, ತೋಟದಾಚೆಗೂ ಕೊಲ್ಲುವ ವೇಗದಲ್ಲೇ ಹೋಗುತ್ತದೆ. ಪುಟ್ಟದೆನಿಸುವ .22 ಗುಂಡು ಕೂಡ ಒಂದೂವರೆ ಕಿಲೋಮೀಟರ್‌ವರೆಗೆ ಅಪಾಯಕಾರಿ. ನಮ್ಮ ಕರಾವಳಿಯಲ್ಲಿ ಊರಿಗೂ ಊರಿಗೂ ನಡುವೆ ಬಯಲೆಂಬುದೇ ಇಲ್ಲ. ಒಂದು ತೋಟ ಮುಗಿಯುವ ಮೊದಲೇ ಇನ್ನೊಬ್ಬರ ಮನೆ ಬರುತ್ತದೆ. ಕತ್ತಲಲ್ಲಿ, ಹೆದರಿಕೆಯಲ್ಲಿ, ಮಳೆಯ ಸದ್ದಿನಲ್ಲಿ ಹಾರಿಸಿದ ಗುಂಡು ಎಲ್ಲಿ ನಿಲ್ಲುತ್ತದೆಂದು ನೀವು ಖಚಿತವಾಗಿ ಹೇಳಲಾರಿರಿ. ಹೇಳಲಾಗದ ಕಡೆ ಹಾರಿಸಬಾರದು. ನಾನು ಹೊಸಬರಿಗೆ ಕಲಿಸುವ ಮೊದಲ ಪಾಠಗಳಲ್ಲಿ ಇದೂ ಒಂದು.

ಕಾನೂನು ಮಾಡಿದವರಿಗೂ ಇದು ಗೊತ್ತಿತ್ತು. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ ನೀವು ಒಂದಾಗಿ ಕಂಡ ಎರಡು ಕೆಲಸಗಳನ್ನು ಬೇರೆಬೇರೆಯಾಗಿಯೇ ನೋಡುತ್ತದೆ. ರಕ್ಷಣೆ ಅಥವಾ ಕ್ರೀಡೆಗೆಂದರೆ ಅದು ಹೆಸರಿಸುವುದು ಒಳಮೈ ನುಣುಪಾದ, 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ ಕೋವಿಯನ್ನು. ನಮ್ಮ ಕಡೆಯ ಒಂಟಿನಳಿಗೆ, ಜೋಡುನಳಿಗೆಯ 12 ಬೋರಿನ ಕೋವಿಗಳು ಈ ಜಾತಿಯವು. ಗುರಿ ಅಭ್ಯಾಸಕ್ಕೆಂದರೆ ಅದು ಹೆಸರಿಸುವುದು .22 ರೈಫಲ್ ಅಥವಾ ಏರ್ ರೈಫಲನ್ನು, ಅದೂ ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯನಿಗೆ. ಇವೆರಡನ್ನು ಬಿಟ್ಟು ಬೇರೆ ಏನನ್ನಾದರೂ ಕೇಳಿದರೆ, ತಕ್ಕ ಕಾರಣವಿದೆಯೆಂದು ಅಧಿಕಾರಿಗೆ ನೀವು ಮನವರಿಕೆ ಮಾಡಿಕೊಡಬೇಕು. ಹಾಗಾಗಿ ನೀವು ಕೇಳಿದಂಥ ಒಂದೇ ರೈಫಲ್ಲನ್ನು ನಾನು ಹೆಸರಿಸಲಾರೆ. ಎರಡನ್ನೂ ಬೇರೆಬೇರೆಯಾಗಿ ನೋಡೋಣ.

ಮನೆಯ ಮಾತು ಮೊದಲು. ನಮ್ಮ ಹಳೆಯ ಮನೆಗಳ ಎದುರು ಬಾಗಿಲು ಆನೆ ಗುದ್ದಿದರೂ ಅಲುಗದು, ಹಿಂದಿನ ಬಚ್ಚಲುಕೊಟ್ಟಿಗೆಯ ಬಾಗಿಲು ಮಾತ್ರ ಒಂದು ಚಿಲಕದ ಮೇಲೆ ನಿಂತಿರುತ್ತದೆ. ಕಳ್ಳರು ಹಂಚು ಸರಿಸಿ ಇಳಿಯುವುದು ಕೂಡ ನಮ್ಮೂರಿಗೆ ಹೊಸತಲ್ಲ. ರೀಪಿನ ಕೆಳಗೆ ಗಟ್ಟಿ ಕಬ್ಬಿಣದ ಜಾಲರಿ ಹಾಕಿಸಿ. ಹಿತ್ತಿಲ ಬಾಗಿಲಿಗೆ ಒಳಗಿನಿಂದ ಅಡ್ಡಪಟ್ಟಿ ಇರಲಿ. ಆಳು ಸುಳಿದರೆ ತಾನಾಗಿ ಹೊತ್ತುವ ದೀಪಗಳನ್ನು ನಾಲ್ಕು ಮೂಲೆಗೂ ಹಾಕಿ ಇನ್ವರ್ಟರ್‌ಗೆ ಜೋಡಿಸಿ. ಆಟಿಯ ಮಳೆಯಲ್ಲಿ ಕರೆಂಟು ಹೋದ ರಾತ್ರಿಯೇ ಅವು ಬೇಕಾಗುವುದು. ಚಿನ್ನ ಬ್ಯಾಂಕಿನ ಲಾಕರಿನಲ್ಲಿರಲಿ. ಮಲಗುವ ಕೋಣೆಯ ಬಾಗಿಲು ಗಟ್ಟಿಯಾಗಿರಲಿ, ಒಳಗೆ ಫೋನ್ ಇರಲಿ, 112ಕ್ಕೆ ಕರೆ ಮಾಡುವುದನ್ನು ತಾಯಿಗೂ ಮಗನಿಗೂ ಕಲಿಸಿ. ಒಂದು ನಾಯಿ ಸಾಕಿ, ಊರಿನ ಸಾದಾ ನಾಯಿಯೇ ಸಾಕು.

ಇಷ್ಟಾದ ಮೇಲೂ ಕೋವಿ ಬೇಕೆನಿಸಿದರೆ ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಿ. ಒಂಬತ್ತು ವರ್ಷದ ಹುಡುಗನಿರುವ ಮನೆಯಲ್ಲಿ ಕೋವಿಯನ್ನು ಖಾಲಿ ಮಾಡಿ ಬೀಗದೊಳಗೆ ಇಡಬೇಕು, ತೋಟೆಗಳನ್ನು ಬೇರೆ ಬೀಗದೊಳಗೆ ಇಡಬೇಕು. ರಾತ್ರಿ ಎರಡು ಗಂಟೆಗೆ ಸದ್ದಾದಾಗ ಎರಡು ಬೀಗ ತೆಗೆದು, ತೋಟೆ ತುಂಬಿ, ಎದುರಿಗೆ ನಿಂತವ ಕಳ್ಳನೋ ನೀರು ಕುಡಿಯಲು ಎದ್ದ ತಾಯಿಯೋ ಎಂದು ಗುರುತಿಸುವಷ್ಟು ಹೊತ್ತು ನಿಮಗಿದೆಯೇ? ಆ ಹೊತ್ತನ್ನು ಉಳಿಸಲೆಂದು ತುಂಬಿಯೇ ಇಟ್ಟರೆ, ವರ್ಷದ ಮುನ್ನೂರ ಅರವತ್ತೈದು ದಿನವೂ ಅಪಾಯ ನಿಮ್ಮ ಮಗನ ಕೈಗೆಟಕುವಲ್ಲಿರುತ್ತದೆ. ಮನೆಗೆ ಬೀಗ ಹಾಕಿ ಮದುವೆಗೆ ಹೋದ ದಿನ ಕಳ್ಳ ಬಂದರೆ ಅವನಿಗೆ ಮೊದಲು ಬೇಕಾಗುವುದು ಆ ಕೋವಿಯೇ. ಇನ್ನೊಂದನ್ನೂ ಮುಚ್ಚಿಡದೆ ಹೇಳುತ್ತೇನೆ: ಮನೆಯಲ್ಲಿ ಯಾರಿಗಾದರೂ ಕುಡಿತದ ಚಟವಿದ್ದರೆ, ಯಾರಾದರೂ ಖಿನ್ನತೆಯಿಂದ ಬಳಲುತ್ತಿದ್ದರೆ, ಆ ಮನೆಗೆ ಕೋವಿ ಬರಲೇಬಾರದು. ಅಂಥವರಿಗೆ ಬೇಕಾದ್ದು ಆಸರೆ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು.

ಕಾನೂನು ಆತ್ಮರಕ್ಷಣೆಯ ಹಕ್ಕು ಕೊಟ್ಟಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳು ಅದನ್ನೇ ಹೇಳುತ್ತವೆ. ಸೂರ್ಯಾಸ್ತದಿಂದ ಸೂರ್ಯೋದಯದೊಳಗೆ ಮನೆ ಮುರಿದು ನುಗ್ಗುವವನ ವಿಷಯದಲ್ಲಿ ಈ ಹಕ್ಕು ಬಹಳ ದೂರದವರೆಗೂ ಹೋಗುತ್ತದೆ. ಆದರೆ ರಕ್ಷಣೆಗೆ ಬೇಕಾದಷ್ಟಕ್ಕಿಂತ ಹೆಚ್ಚು ಹಾನಿ ಮಾಡಬಾರದೆಂದು 37ನೇ ಸೆಕ್ಷನ್ ಕಟ್ಟು ಹಾಕಿದೆ. ಬೆನ್ನು ತಿರುಗಿಸಿ ಓಡುವವನಿಗೆ, ಬೇಲಿಯಾಚೆ ತೆಂಗಿನಕಾಯಿ ಹೆಕ್ಕುವವನಿಗೆ ಹಾರಿಸಿದ ಗುಂಡನ್ನು ಈ ಹಕ್ಕು ಕಾಪಾಡದು.

ಎಲ್ಲ ತೂಗಿ ನೋಡಿ ಅರ್ಜಿ ಹಾಕುವುದೇ ಆದರೆ 12 ಬೋರಿನ ಕೋವಿಗೆ ಹಾಕಿ. ನಿಮಗೆ ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾಧಿಕಾರಿ ಕಚೇರಿ. ಮಂಗಳೂರು ನಗರದವರಾದರೆ ಪೊಲೀಸ್ ಕಮಿಷನರ್ ಕಚೇರಿ. ವಯಸ್ಸು 21 ತುಂಬಿರಬೇಕು, ಪೊಲೀಸ್ ತನಿಖೆ ಆಗುತ್ತದೆ, ಶಸ್ತ್ರ ಸುರಕ್ಷತೆಯ ತರಬೇತಿ ಪಡೆದ ಪ್ರಮಾಣಪತ್ರ ಬೇಕು. 2019ರ ತಿದ್ದುಪಡಿಯ ನಂತರ ಲೈಸನ್ಸ್ ಐದು ವರ್ಷಕ್ಕೆ ಸಿಗುತ್ತದೆ, ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಕೋವಿ ಇಲ್ಲ. ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಿರಿ, ಮೇಲ್ಮನವಿಗೆ ಅವಕಾಶವಿದೆ. ಚುನಾವಣೆ ಬಂದಾಗೆಲ್ಲ ಕೋವಿಯನ್ನು ಠೇವಣಿ ಇಡುವಂತೆ ಆದೇಶ ಬರುತ್ತದೆ. ಕಾಡುಹಂದಿ, ಮಂಗಗಳ ಕಾಟದಿಂದ ಸುಳ್ಯ, ಬೆಳ್ತಂಗಡಿ, ಹೆಬ್ರಿ ಕಡೆಯ ಕೃಷಿಕರು ಈ ಬಗ್ಗೆ ಪ್ರತಿ ಸಲವೂ ನೊಂದು ಮಾತಾಡುತ್ತಾರೆ, ಅವರ ನೋವು ನಿಜವಾದದ್ದು. ಕೊಡಗಿನ ನೆಂಟರನ್ನು ತೋರಿಸಿ ಅವರಿಗಿಲ್ಲದ ಲೈಸನ್ಸ್ ನಮಗೇಕೆ ಎಂದು ಕೇಳುವವರಿದ್ದಾರೆ. ಆ ವಿನಾಯಿತಿ ಕೊಡವರಿಗೆ ಮತ್ತು ಕೊಡಗಿನ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೆ ಮಾತ್ರ, 2029ರವರೆಗೆ. ಘಟ್ಟದ ಕೆಳಗಿನವರಿಗೆ ಅದು ಅನ್ವಯಿಸುವುದಿಲ್ಲ.

ಈಗ ಭಾನುವಾರದ ಆಸೆಗೆ ಬರೋಣ. ಈ ಭಾಗಕ್ಕೆ ಬರುವಾಗ ನನಗೆ ನಿಜಕ್ಕೂ ಖುಷಿ. ನೀವು ಮೊದಲು ಸೇರಬೇಕಾದ್ದು ರೈಫಲ್ ಕ್ಲಬ್, ಮೊದಲು ಹಿಡಿಯಬೇಕಾದ್ದು ಕ್ಲಬ್ಬಿನ ರೈಫಲ್. ಕೆಲವು ತಿಂಗಳು ಅದರಲ್ಲೇ ಕಲಿಯಿರಿ. ಆಮೇಲೆ ಕೊಳ್ಳುವುದಾದರೆ 4.5 ಮಿಲಿಮೀಟರಿನ ಏರ್ ರೈಫಲ್. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದರಲ್ಲೇ, ಹತ್ತು ಮೀಟರ್ ಸ್ಪರ್ಧೆಯಲ್ಲಿ. ಹತ್ತು ಮೀಟರ್ ಎಂದರೆ ನಿಮ್ಮ ಅಂಗಳದ ಅಗಲ. ಆದರೆ ಅಲ್ಲಿನ ಗುರಿಯ ನಟ್ಟನಡುವಿನ, ಹತ್ತು ಅಂಕದ ಚುಕ್ಕಿಯ ಅಗಲ ಬರೀ ಅರ್ಧ ಮಿಲಿಮೀಟರ್. ಎಪ್ಪತ್ತೈದು ನಿಮಿಷದಲ್ಲಿ ಅರವತ್ತು ಗುಂಡು ಹಾಕಬೇಕು. ಉಸಿರು, ಎದೆಬಡಿತ, ಬೆರಳಿನ ಒಂದು ಸಣ್ಣ ಅವಸರ, ಎಲ್ಲವೂ ಕಾಗದದ ಮೇಲೆ ಮೂಡುತ್ತದೆ. ಎನ್‌ಸಿಸಿ ಶಿಬಿರದಲ್ಲಿ ಮಲಗಿ ಹಾರಿಸಿದವರು ನಿಂತು ಹಾರಿಸಲು ಬಂದಾಗ ಮೊದಲ ವಾರ ನಿರಾಶರಾಗುತ್ತಾರೆ, ನೀವು ಆಗಬೇಡಿ. ಅಲ್ಲಿ ಹಿಡಿತ ಬಂದ ಮೇಲೆ ಕ್ಲಬ್ಬಿನ ಮೂಲಕ .22ಕ್ಕೆ, ಐವತ್ತು ಮೀಟರಿಗೆ ಹೋಗಬಹುದು. 2024ರ ಪ್ಯಾರಿಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ತಂದದ್ದು ಆ ದೂರದಲ್ಲೇ.

ಏರ್ ರೈಫಲ್‌ನಲ್ಲಿ ಸ್ಪ್ರಿಂಗಿನದು ಮತ್ತು ಮೊದಲೇ ಗಾಳಿ ತುಂಬಿಟ್ಟ ಸಿಲಿಂಡರಿನದು ಎಂದು ಎರಡು ಬಗೆ. ಸ್ಪ್ರಿಂಗಿನದು ಅಗ್ಗ, ಗಟ್ಟಿ, ಆದರೆ ಹಾರುವಾಗ ಕುಲುಕುತ್ತದೆ, ಗುಂಡಿಲ್ಲದೆ ಒಣ ಅಭ್ಯಾಸ ಮಾಡಿದರೆ ಒಳಗಿನ ಪಿಸ್ಟನ್ ಕೆಡುತ್ತದೆ. ಸ್ಪರ್ಧೆಗೆ ಬಳಸುವ ವಾಲ್ಟರ್, ಫೈನ್‌ವೆರ್ಕ್‌ಬೌ, ಸ್ಟೈಯರ್‌ಗಳೆಲ್ಲ ಸಿಲಿಂಡರಿನವು, ಬೆಲೆ ಲಕ್ಷಗಳಲ್ಲಿ. ಹೆಸರಿಗಿಂತ ಅಳತೆ ನೋಡಿ: ಭುಜಕ್ಕೆ ಒತ್ತುವ ಹಿಡಿಯ ಉದ್ದ ನಿಮ್ಮ ತೋಳಿಗೆ ಹೊಂದಬೇಕು, ಕೆನ್ನೆ ಇಟ್ಟ ಕೂಡಲೇ ಕಣ್ಣು ತಾನಾಗಿ ಗುರಿ ನೋಡುವ ಹಿಂದಿನ ತೂತಿನ ನೇರಕ್ಕೆ ಬರಬೇಕು. ಕುತ್ತಿಗೆ ಬಗ್ಗಿಸಿ ಹುಡುಕಬೇಕಾಯಿತೆಂದರೆ ಆ ರೈಫಲ್ ನಿಮ್ಮದಲ್ಲ.

ನಮ್ಮ ಹವೆಗೆ ಒಂದು ಎಚ್ಚರಿಕೆ. ಕೈಪಂಪಿನಿಂದ ಸಿಲಿಂಡರ್ ತುಂಬಿದರೆ ಕರಾವಳಿಯ ತೇವವೂ 200 ಬಾರ್ ಒತ್ತಡದಲ್ಲಿ ಅದರೊಳಗೆ ಸೇರಿ ತುಕ್ಕು ಹಿಡಿಸುತ್ತದೆ. ಒಣಗಾಳಿ ಕೊಡುವ ಕ್ಲಬ್ಬಿನ ಕಂಪ್ರೆಸರನ್ನೇ ಬಳಸಿ. ಮಳೆಗಾಲದಲ್ಲಿ ಮರದ ಹಿಡಿ ಉಬ್ಬಿ ಗುರಿ ಕೂದಲೆಳೆಯಷ್ಟು ಸರಿಯುತ್ತದೆ, ಮೇ ತಿಂಗಳ ಸೆಟ್ಟಿಂಗ್ ಜುಲೈಗೆ ನಡೆಯದು. ಸ್ಪಂಜಿನ ಚೀಲದಲ್ಲಿ ತಿಂಗಳುಗಟ್ಟಲೆ ಮುಚ್ಚಿಟ್ಟರೆ ಕಬ್ಬಿಣದ ಮೈ ಕೆಂಪಾಗುತ್ತದೆ. ಎಣ್ಣೆಬಟ್ಟೆಯಿಂದ ಒರೆಸಿ, ಸಿಲಿಕಾ ಜೆಲ್ ಹಾಕಿದ ಕಪಾಟಿನಲ್ಲಿ ಇಡಿ. ಗುಂಡು ಸೀಸದ್ದು, ಅಭ್ಯಾಸದ ನಂತರ ಸಾಬೂನು ಹಾಕಿ ಕೈ ತೊಳೆಯದೆ ತಿಂಡಿ ಮುಟ್ಟಬೇಡಿ.

ತೋಟದಲ್ಲಿ ಹಕ್ಕಿ, ಅಳಿಲುಗಳ ಮೇಲೆ ಗುರಿ ನೋಡುವ ಯೋಚನೆಯಿದ್ದರೆ ಈಗಲೇ ಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಣ್ಣಿನಲ್ಲಿ ಏರ್ ಗನ್ನಿನಿಂದ ಹೊಡೆದರೂ ಅದು ಬೇಟೆಯೇ.

ಪ್ರಶ್ನೆ: ಮಂಗಳೂರಿನವಳು. ಹದಿಮೂರರ ಮಗಳಿಗೆ ಶೂಟಿಂಗ್ ಹುಚ್ಚು. ಹುಟ್ಟುಹಬ್ಬಕ್ಕೆ ಏರ್ ರೈಫಲ್ ಕೊಡಬಹುದೇ?

ಉತ್ತರ: ಹುಟ್ಟುಹಬ್ಬಕ್ಕೆ ಕ್ಲಬ್ಬಿನ ತರಬೇತಿ ಕೊಡಿಸಿ. ಈ ವಯಸ್ಸಿನಲ್ಲಿ ಮಕ್ಕಳು ಪ್ರತಿ ವರ್ಷ ಬೆಳೆಯುತ್ತಾರೆ, ಇಂದು ಹೊಂದಿದ ಹಿಡಿ ಮುಂದಿನ ಮಳೆಗಾಲಕ್ಕೆ ಗಿಡ್ಡವಾಗುತ್ತದೆ. ಸ್ಪರ್ಧೆಯ ರೈಫಲ್ 5.5 ಕಿಲೋವರೆಗೂ ತೂಗಬಹುದು. ಎಳೆಯ ಬೆನ್ನಿಗೆ ಅದನ್ನು ತರಬೇತುದಾರರಿಲ್ಲದೆ ಹೊರಿಸಬಾರದು. ರೈಫಲ್ ಮನೆಗೆ ಬಂದ ಮೇಲೂ ಕಪಾಟಿನ ಕೀಲಿ ನಿಮ್ಮ ಬಳಿ ಇರಲಿ. ಲೈಸನ್ಸ್ ಬೇಡವೆಂದ ಮಾತ್ರಕ್ಕೆ ಅದು ಆಟಿಕೆಯಲ್ಲ, 4.5 ಮಿಲಿಮೀಟರಿನ ಗುಂಡು ಕಣ್ಣನ್ನು ಶಾಶ್ವತವಾಗಿ ಕಳೆಯಬಲ್ಲದು. ನಿಮ್ಮ ಮಗಳ ಹುಚ್ಚು ಬಹಳ ಒಳ್ಳೆಯದು, ಅದಕ್ಕೆ ನೀರೆರೆಯಿರಿ.

ಪ್ರಶ್ನೆ: ಕಾರ್ಕಳದ ಹಳ್ಳಿಯವ. ಅಜ್ಜ ತೀರಿಕೊಂಡರು, ಅವರ ಲೈಸನ್ಸಿನ, ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ ಅಟ್ಟದಲ್ಲಿದೆ. ಹಾಗೇ ಇಟ್ಟುಕೊಳ್ಳಬಹುದೇ?

ಉತ್ತರ: ಇಟ್ಟುಕೊಳ್ಳಬೇಡಿ. ಲೈಸನ್ಸ್ ಅಜ್ಜನ ಹೆಸರಿನದು, ಅದು ಅವರೊಂದಿಗೇ ಮುಗಿಯಿತು. ಮದ್ದು ತುಂಬಿದೆಯೇ ಎಂದು ನೀವೇ ಕೆದಕಿ ನೋಡಬೇಡಿ, ಕೇಪಿನ ಕೋವಿಯಲ್ಲಿ ಎಷ್ಟೋ ವರ್ಷದ ಹಳೆಯ ಈಡು ಕೂಡ ಹಾರುತ್ತದೆ. ಠಾಣೆಗೆ ತಿಳಿಸಿ, ಬಲ್ಲವರಿಂದ ಪರೀಕ್ಷೆ ಮಾಡಿಸಿ, ಅಲ್ಲಿ ಅಥವಾ ಅಧಿಕೃತ ಡೀಲರ್ ಬಳಿ ಠೇವಣಿ ಇಟ್ಟು ರಸೀದಿ ಪಡೆಯಿರಿ. ಅಜ್ಜನ ನೆನಪಿಗೆ ಬೇಕೆಂದರೆ ವಾರಸುದಾರನಾಗಿ ನಿಮ್ಮ ಹೆಸರಿಗೆ ಅರ್ಜಿ ಹಾಕಬಹುದು, 2016ರ ನಿಯಮಗಳ 25ನೇ ನಿಯಮ ಅದಕ್ಕೆ ದಾರಿ ಮಾಡಿದೆ. ಉಳಿದ ವಾರಸುದಾರರ ಒಪ್ಪಿಗೆಯನ್ನು ಬರಹದಲ್ಲಿ ತೆಗೆದಿಟ್ಟುಕೊಳ್ಳಿ. ಇದೇ ನಿಯಮದಲ್ಲಿ ಬದುಕಿರುವಾಗಲೇ ವಾರಸುದಾರರಿಗೆ ವರ್ಗಾಯಿಸಲೂ ಅವಕಾಶವಿದೆ: ಲೈಸನ್ಸ್‌ದಾರರಿಗೆ ವಯಸ್ಸು 70 ಆಗಿರಬೇಕು, ಇಲ್ಲವೇ ಕೋವಿ 25 ವರ್ಷ ಅವರ ಬಳಿ ಇದ್ದಿರಬೇಕು. ಮನೆಯಲ್ಲಿ ಹಿರಿಯರ ಹೆಸರಿನಲ್ಲಿ ಕೋವಿಯಿರುವ ಓದುಗರು ಈ ಕೆಲಸವನ್ನು ಮುಂದಕ್ಕೆ ಹಾಕಬೇಡಿ.