ಓದುಗರ ಪ್ರಶ್ನೆ: ಗಡಿಯಾರ ಗೋಡೆಯ ಮೇಲೆ, ನಾಯಕತ್ವ ಎಲ್ಲಿ?

ಪ್ರಶ್ನೆ: ಎಂ.ಬಿ.ಎ. ಅಸೈನ್‌ಮೆಂಟಿಗೆ ‘ಪರಿವರ್ತನಾತ್ಮಕ ನಾಯಕ’ ಎಂದು ಕೊಂಕಣ ರೈಲ್ವೆ, ದೆಹಲಿ ಮೆಟ್ರೊ ಕಟ್ಟಿಸಿದ ಎಂಜಿನಿಯರ್ ಇ. ಶ್ರೀಧರನ್ ಅವರನ್ನು ಆರಿಸಿಕೊಂಡೆ. ದೂರದೃಷ್ಟಿ, ಶಿಸ್ತು, ಪ್ರಾಮಾಣಿಕತೆ ಎಂದೆಲ್ಲ ಬರೆದೆ. ‘ಇದು ಸನ್ಮಾನಪತ್ರ, ವಿಶ್ಲೇಷಣೆ ಅಲ್ಲ’ ಎಂದು ಮೇಡಂ ವಾಪಸ್ ಕೊಟ್ಟರು. ಹೇಗೆ ತಿದ್ದಲಿ?
– ವಿದ್ಯಾರ್ಥಿನಿ, ಕುಮಟಾ

ಉತ್ತರ: ಮೇಡಂ ಹೇಳಿದ್ದು ಸರಿ. ಶಿಸ್ತು, ಪ್ರಾಮಾಣಿಕತೆ ಒಳ್ಳೆಯ ಗುಮಾಸ್ತನಲ್ಲೂ ಇರುತ್ತವೆ. 1978ರಲ್ಲಿ ಅಮೆರಿಕದ ರಾಜ್ಯಶಾಸ್ತ್ರಜ್ಞ ಜೇಮ್ಸ್ ಮ್ಯಾಕ್‌ಗ್ರೆಗರ್ ಬರ್ನ್ಸ್ ಪರಿವರ್ತನಾತ್ಮಕ ನಾಯಕತ್ವದ ವಿಚಾರ ಬೆಳೆಸಿದಾಗ ಒತ್ತು ಕೊಟ್ಟದ್ದು ನಾಯಕನ ಗುಣಕ್ಕಲ್ಲ, ಅವನಿಗೂ ಜೊತೆಯವರಿಗೂ ನಡುವೆ ಏನು ಬದಲಾಯಿತು ಎಂಬುದಕ್ಕೆ. 1985ರಲ್ಲಿ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ಬ್ಯಾಸ್ ಅದನ್ನು ಅಳೆಯಲು ಬರುವ ಹಾಗೆ ಬಿಡಿಸಿಟ್ಟರು. ನಿಮ್ಮ ಪಠ್ಯದಲ್ಲಿರುವ ನಾಲ್ಕು ಅಂಶ, ಅಂದರೆ ಆದರ್ಶದ ಪ್ರಭಾವ (ತಾನೇ ನಡೆದು ತೋರಿಸುವುದು), ಸ್ಫೂರ್ತಿ, ಬೌದ್ಧಿಕ ಪ್ರಚೋದನೆ (ಹೊಸದಾಗಿ ಯೋಚಿಸಲು ಹಚ್ಚುವುದು), ವೈಯಕ್ತಿಕ ಕಾಳಜಿ, ಬೆಳೆದದ್ದು ಅಲ್ಲಿಂದಲೇ.

ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ: ನಾಯಕ ಮಾಡಿದ್ದು, ಯಾವ ಅಂಶ, ಅದರಿಂದ ಕೈಕೆಳಗಿನವರು ಬೇರೆ ರೀತಿ ಮಾಡಿದ್ದು. ಮೂರನೆಯದು ಖಾಲಿ ಉಳಿದರೆ ಆ ಸಾಲನ್ನೇ ಹೊಡೆದುಹಾಕಿ.

ಕೊಂಕಣ ರೈಲ್ವೆಯ ಹಿಮ್ಮುಖ ಗಡಿಯಾರವನ್ನು ನೀವೂ ಬರೆದಿರುತ್ತೀರಿ. ಕೆಲಸ ಮುಗಿಯಲು ಎಷ್ಟು ದಿನ ಉಳಿದಿದೆ ಎಂದು ತೋರಿಸುತ್ತಿದ್ದ ಫಲಕ ಅದು. ಅದೊಂದೇ ಆದರೆ ಬರೀ ಉಸ್ತುವಾರಿ. ರೋಹಾದಿಂದ ತೋಕೂರಿನವರೆಗಿನ ಸುಮಾರು 740 ಕಿ.ಮೀ. ದಾರಿಯನ್ನು ಏಳು ವಿಭಾಗ ಮಾಡಿ, ಒಂದೊಂದಕ್ಕೂ ಮುಖ್ಯ ಎಂಜಿನಿಯರ್ ನೇಮಿಸಿ, ಸ್ಥಳದಲ್ಲೇ ತೀರ್ಮಾನಿಸುವ ಅಧಿಕಾರ ಕೊಟ್ಟಿದ್ದರು. ಕಾರವಾರ ಅವುಗಳಲ್ಲೊಂದು. ಫೈಲು ಮೇಲಕ್ಕೆ ಹೋಗಿ ಇಳಿಯುವ ತನಕ ಕಾಯಬೇಕಿದ್ದರೆ ಅದೇ ಗಡಿಯಾರ ಗೋಡೆಗೆ ತೂಗುಹಾಕಿದ ಬೈಗುಳವಾಗುತ್ತಿತ್ತು. ಗಡಿಯಾರ ಮತ್ತು ಅಧಿಕಾರ ಎರಡನ್ನೂ ಒಂದೇ ಸಾಲಿನಲ್ಲಿ ಬರೆಯಿರಿ.

ಭೂಸ್ವಾಧೀನ ಇನ್ನೊಂದು. ಜಮೀನು ಬಿಡಬೇಕಾದವರು ಸುಮಾರು 42,000 ಮಂದಿ. ಪರಿಹಾರದ ಚೆಕ್ಕು ವ್ಯವಹಾರ, ಅದನ್ನು ‘ಕಾಳಜಿ’ಯ ಲೆಕ್ಕಕ್ಕೆ ಹಾಕಬೇಡಿ. ನೋಟೀಸು ಅಂಟಿಸಿ ಬಾರದೆ, ಸಿಬ್ಬಂದಿ ಮನೆ ಮನೆಗೆ ಹೋಗಿ ಕೂತು ಮಾತಾಡಿದ್ದು ಮೂರನೆಯ ಕಾಲಮ್ಮಿಗೆ ಬರುತ್ತದೆ.

ಆದರ್ಶದ ಪ್ರಭಾವಕ್ಕೆ ಉಪದೇಶದ ಮಾತು ಹುಡುಕಬೇಡಿ. 2009ರ ಜುಲೈಯಲ್ಲಿ ದೆಹಲಿ ಮೆಟ್ರೊ ಕಾಮಗಾರಿಯಲ್ಲಿ ಅವಘಡವಾಗಿ ಜನ ಸತ್ತಾಗ ಅವರು ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು, ಒತ್ತಾಯದ ಮೇಲೆ ಮರುದಿನ ಹಿಂತೆಗೆದುಕೊಂಡರು. ಎರಡನ್ನೂ ಬರೆಯಿರಿ.

ಸೋಲನ್ನೂ ಬಿಡಬೇಡಿ. ಕೊಂಕಣ ರೈಲ್ವೆ ನಿಗಮ ಆದದ್ದು 1990ರಲ್ಲಿ, ಇಡೀ ದಾರಿಗೆ ರೈಲು ಬಂದದ್ದು 1998ರ ಜನವರಿ 26ರಂದು. ಮೊದಲು ಇಟ್ಟುಕೊಂಡ ಗುರಿ ಸುಮಾರು ಐದು ವರ್ಷ. ಗೋವಾದಲ್ಲಿ ಮಾರ್ಗದ ಬಗ್ಗೆ ಎದ್ದ ವಿರೋಧ ಒಂದು ಕಾರಣ, ಮೆತ್ತನೆ ಮಣ್ಣಿನ ಸುರಂಗಗಳು ಇನ್ನೊಂದು. ಗಟ್ಟಿ ಬಂಡೆಯನ್ನಾದರೆ ಯಂತ್ರ ಕೊರೆಯುತ್ತದೆ. ಗೋವಾದ ಪೆರ್ನೆಮ್ಮಿನಂಥ ಕಡೆ ನೀರು ಕುಡಿದ ಜೇಡಿ ಅಗೆದಷ್ಟೂ ಕುಸಿಯುತ್ತಿತ್ತು. ನಮ್ಮಲ್ಲಿ ಬಾವಿ ತೋಡುವಾಗ ಶೇಡಿ ಮಣ್ಣು ಸಿಕ್ಕಿದರೆ ಏನಾಗುತ್ತದೆಂದು ಗೊತ್ತಲ್ಲ, ಅದನ್ನೇ ಅಡ್ಡಡ್ಡ ಊಹಿಸಿಕೊಳ್ಳಿ. ಕೈಯಲ್ಲೇ ಇಷ್ಟಿಷ್ಟೇ ತೆಗೆಯಬೇಕಾಯಿತು. ಗಡಿಯಾರ ನೋಡಿ ಮಣ್ಣು ನಿಲ್ಲುವುದಿಲ್ಲ.

ಕಾರವಾರದ ಕಡೆ ನಿವೃತ್ತ ರೈಲ್ವೆ ನೌಕರರು ಸಿಕ್ಕರೆ ‘ಸರ್ ಹೇಗಿದ್ದರು?’ ಎಂದು ಕೇಳಬೇಡಿ, ಹೊಗಳಿಕೆಯೇ ಬರುತ್ತದೆ. ‘ಮೇಲಿನವರನ್ನು ಕೇಳದೆ ನೀವೇ ತೆಗೆದುಕೊಂಡ ಒಂದು ನಿರ್ಧಾರ ಹೇಳಿ’ ಎನ್ನಿ.

ಪ್ರಶ್ನೆ: ನಮ್ಮ ಸಂಘದ ಹೊಸ ಅಧ್ಯಕ್ಷರು ಸಾಲ ವಸೂಲಿಗೆ ನೌಕರರಿಗೆ ಬಹುಮಾನ ಇಟ್ಟಿದ್ದಾರೆ. ಇದು ಪರಿವರ್ತನೆಯ ನಾಯಕತ್ವವೇ?
– ಸಹಕಾರಿ ಸಂಘದ ನೌಕರ, ಶಿರಸಿ

ಉತ್ತರ: ಅಲ್ಲ, ಇದು ಕೊಡು–ಕೊಳ್ಳುವ ನಾಯಕತ್ವ. ಹಾಗೆಂದು ಕೆಟ್ಟದ್ದಲ್ಲ. ಸಂಬಳವೇ ಹೊತ್ತಿಗೆ ಸರಿಯಾಗಿ ಬಾರದ ಕಡೆ ಸ್ಫೂರ್ತಿಯ ಮಾತು ಯಾರ ಕಿವಿಗೂ ಹೋಗದು. ಬ್ಯಾಸ್ ಹೇಳುವುದೂ ಕೊಡು–ಕೊಳ್ಳುವ ನಾಯಕತ್ವದ ಮೇಲೆ ಪರಿವರ್ತನೆಯ ನಾಯಕತ್ವವನ್ನು ಕಟ್ಟಬೇಕೆಂದೇ.

ಅಪಾಯ ಎಲ್ಲಿ ಎಂದರೆ, ವಸೂಲಾದ ಮೊತ್ತಕ್ಕೇ ಬಹುಮಾನ ಎಂದಾದಾಗ ಮಾರ್ಚಿನಲ್ಲಿ ಹೊಸ ಸಾಲ ಬರೆದು ಹಳೆಯದಕ್ಕೆ ಜಮಾ ಹಾಕುವ ಚಾಳಿ ಶುರುವಾಗುತ್ತದೆ. ಪುಸ್ತಕದಲ್ಲಿ ವಸೂಲಿ, ಪೆಟ್ಟಿಗೆಯಲ್ಲಿ ಏನೂ ಇಲ್ಲ. ಅದರ ಬದಲು ಒಬ್ಬೊಬ್ಬ ನೌಕರನಿಗೆ 15–20 ಬಾಕಿದಾರರನ್ನು ಒಪ್ಪಿಸಿ, ಕಾರಣ ಬರೆದು ತರಲು ಹೇಳಿ: ಕೊಳೆರೋಗದಲ್ಲಿ ಅಡಿಕೆ ಉದುರಿತೇ, ಆಸ್ಪತ್ರೆ ಖರ್ಚೇ, ಮನಸ್ಸಿಲ್ಲವೇ? ಕಂತನ್ನು ಅಡಿಕೆ ಮಾರುವ ಹೊತ್ತಿಗೆ ಹೊಂದಿಸುವ ಸಲಹೆ ನೌಕರನಿಂದಲೇ ಬರಲಿ. ಸಭೆಯಲ್ಲಿ ಅಧ್ಯಕ್ಷರು ಕೊನೆಗೆ ಮಾತಾಡಲಿ. ಅವರು ಮೊದಲೇ ಮಾತಾಡಿದರೆ ಉಳಿದವರೆಲ್ಲ ‘ಹೌದು’ ಅನ್ನುತ್ತಾರೆ, ಅಷ್ಟೇ.

ಪ್ರಶ್ನೆ: ಪರಿವರ್ತನೆಯ ನಾಯಕತ್ವಕ್ಕೆ ನಮ್ಮ ಜಿಲ್ಲೆಯವರದೇ ಉದಾಹರಣೆ ಇಲ್ಲವೇ?
– ಶಿಕ್ಷಕಿ, ಅಂಕೋಲಾ

ಉತ್ತರ: ನಿಮ್ಮೂರಿನವರೇ ಇದ್ದಾರಲ್ಲ, ದಿನಕರ ದೇಸಾಯಿ. ಮಕ್ಕಳಿಗೆ ಚುಟುಕ ಗೊತ್ತಿರುತ್ತದೆ, ರೈತ ಹೋರಾಟ ಗೊತ್ತಿರುವುದಿಲ್ಲ, ಆದ್ದರಿಂದ ಅಲ್ಲಿಂದ ಶುರುಮಾಡಿ. 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್, 1966ರಲ್ಲಿ ಗೋಖಲೆ ಶತಾಬ್ದಿಯ ಹೆಸರಿನಲ್ಲಿ ಅಂಕೋಲೆಗೆ ಕಾಲೇಜು. ಅವರು ತೀರಿಕೊಂಡದ್ದು 1982ರಲ್ಲಿ, ಕಾಲೇಜಿನ ಗಂಟೆ ಇವತ್ತೂ ಹೊಡೆಯುತ್ತಿದೆ. ಅಜ್ಜ ಗೇಣಿ ಅಳೆಯುತ್ತಿದ್ದ ಮನೆಯಿಂದ ಮೊದಲ ಬಾರಿ ಕಾಲೇಜಿಗೆ ಹೋದವರು ಯಾರು ಎಂದು ಮಕ್ಕಳು ತಮ್ಮ ತಮ್ಮ ಮನೆಯಲ್ಲೇ ಕೇಳಿಕೊಂಡು ಬರಲಿ. ಮೂರನೆಯ ಕಾಲಂ ತಾನಾಗಿ ತುಂಬುತ್ತದೆ.